ಇದರಲ್ಲಿ ಏನು ಬಿದ್ದುಹೋಗಿದೆ? – ತೊಣ್ಣೂರು ಕೆರೆಯ ಒಂದು ಓದು

ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು. ತೊಣ್ಣೂರು ಕೆರೆಯು ಹೊಯ್ಸಳರ ಕಾಲದ ಜಲವೈಭವದ ಭಗ್ನಾವಶೇಷವಾಗಿ ಇಂದಿಗೂ ನಿಂತಿದೆ ಎಂದು. ಬರೆದಾಗ ನಾನು ತೊಣ್ಣೂರನ್ನು ನೋಡಿರಲಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆರನೆಯ ಸಂಪುಟ ಮೇಜಿನ ಮೇಲಿತ್ತು, ಮೊಬೈಲಿನಲ್ಲಿ ನಾಲ್ಕು ಚಿತ್ರಗಳಿದ್ದವು, ವಾಕ್ಯ ತಾನಾಗಿ ಬಂತು. ಯಾರೂ ಆಕ್ಷೇಪಿಸಲಿಲ್ಲ. ಅಂಥ ವಾಕ್ಯವನ್ನು ನಮ್ಮಲ್ಲಿ ಯಾರೂ ಆಕ್ಷೇಪಿಸುವುದಿಲ್ಲ.

ಆಕ್ಷೇಪ ಬಂದದ್ದು ಏರಿಯ ಮೇಲೆ. ಅಧ್ಯಾಯ ಒಪ್ಪಿಸುವ ಮೊದಲು ಒಮ್ಮೆ ಹೋಗಿ ಬರೋಣವೆಂದು ಹೋದವಳು, ತೂಬಿನ ಹತ್ತಿರ ಕೂತು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ಎಪ್ಪತ್ತು ದಾಟಿದ್ದಿರಬಹುದಾದ ಒಬ್ಬರು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೋಲು, ಪಕ್ಕದಲ್ಲಿ ಬಂದು ಕೂತರು. ಏನು ಬರೆಯುತ್ತಿದ್ದೇನೆಂದು ಕೇಳಿದರು. ಹೇಳಿದೆ. ಓದು ಎಂದರು. ಓದಿದೆ.

"ಭಗ್ನಾವಶೇಷ ಅಂದ್ರೆ ಏನವ್ವ?"

"ಬಿದ್ದುಹೋಗಿ ಉಳ್ಕೊಂಡಿರೋದು, ತಾತ."

ಅವರು ಕೆರೆ ನೋಡಿದರು, ಏರಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದ್ರಲ್ಲಿ ಏನ್ ಬಿದ್ದೋಗದೆ? ಮೊನ್ನೆ ತಾನೆ ನೀರ್ ಬುಟ್ಟವ್ರೆ."

ಈ ಬರಹ ಆ ಪ್ರಶ್ನೆಗೆ ಉತ್ತರವಲ್ಲ. ಹರಿಯುತ್ತಿರುವ ನೀರನ್ನು, ಕೆಲಸ ಮಾಡುತ್ತಿರುವ ಏರಿಯನ್ನು ನೋಡಿ 'ಭಗ್ನ' ಎಂದು ಬರೆಯುವ ಅಭ್ಯಾಸ ನನಗೆ ಎಲ್ಲಿಂದ ಬಂತು ಎಂಬ ಹುಡುಕಾಟ.

ಅದು ಎಲ್ಲೋ ರೋಮ್‌ನಿಂದ ಬಂದಿದೆಯೆಂದು ನನ್ನ ಗುಮಾನಿ. ನಾನು ರೋಮ್‌ಗೆ ಹೋಗಿಲ್ಲ. ಆದರೆ ಆ ನಗರದ ಆಗ್ನೇಯ ಅಂಚಿನ 'ಮೇಲ್ಗಾಲುವೆಗಳ ಉದ್ಯಾನ' ನನಗೆ ನಮ್ಮೂರಿನ ಸಂತೆಮಾಳಕ್ಕಿಂತ ಚೆನ್ನಾಗಿ ಗೊತ್ತು ಎನ್ನಬೇಕು, ಅಷ್ಟು ಸಲ ನೋಡಿದ್ದೇನೆ. ಫೆಲಿನಿಯ 'ಲಾ ಡೋಲ್ಚೆ ವೀಟಾ' (1960) ಶುರುವಾಗುವುದೇ ಅಲ್ಲಿ. ಕ್ರಿಸ್ತನ ಪ್ರತಿಮೆಯನ್ನು ತೂಗುಹಾಕಿಕೊಂಡ ಹೆಲಿಕಾಪ್ಟರು ಮುರಿದ ಕಮಾನುಗಳ ಸಾಲಿನ ಪಕ್ಕ ಹಾರಿಹೋಗುತ್ತದೆ. ಆ ಕಮಾನುಗಳು ಆಕ್ವಾ ಕ್ಲಾಡಿಯಾ ಎಂಬ ಕಾಲುವೆಯವು. ಕ್ರಿ.ಶ. 38ರಲ್ಲಿ ಕಲಿಗುಲನ ಕಾಲದಲ್ಲಿ ಶುರುವಾಗಿ 52ರಲ್ಲಿ ಕ್ಲಾಡಿಯಸ್‌ನ ಕಾಲದಲ್ಲಿ ಮುಗಿದದ್ದು. ಯುರೋಪಿನ ಚಿತ್ರಕಾರರು ಆ ಬಯಲನ್ನು ಶತಮಾನಗಳ ಕಾಲ ಬರೆದರು. ಮುಳುಗುವ ಸೂರ್ಯ, ಮೇಯುವ ಕುರಿ, ಹಿಂದೆ ಮುರಿದ ಕಮಾನು. ಪಾಳು ಎನ್ನುವುದು ಅಲ್ಲಿ ಬರೀ ಸ್ಥಿತಿಯಲ್ಲ, ಒಂದು ರಸ. ನಮ್ಮ ಪ್ರವಾಸಕಥನ 'ಗತವೈಭವ', 'ಮೂಕಸಾಕ್ಷಿ', 'ಕಾಲದ ಹೊಡೆತ' ಎಂದೆಲ್ಲ ಬರೆಯುವಾಗ ಹಂಪಿಯ ನೆನಪಿನ ಜೊತೆಗೆ ಆ ರಸದ ಸಾಲವೂ ಇದೆ.

ತಮಾಷೆಯೆಂದರೆ ಆಕ್ವಾ ಕ್ಲಾಡಿಯಾದ ಉದ್ದ ಸುಮಾರು 69 ಕಿ.ಮೀ., ಅದರಲ್ಲಿ ಕಮಾನುಗಳ ಮೇಲೆ ಹೋಗುತ್ತಿದ್ದದ್ದು ಸುಮಾರು 15 ಕಿ.ಮೀ. ಮಾತ್ರ. ಮಿಕ್ಕದ್ದು ಬಹುಪಾಲು ನೆಲದಡಿ. ಚಿತ್ರಕಾರರು ಬರೆದದ್ದು, ಕ್ಯಾಮೆರಾ ಹಿಡಿದದ್ದು ಮೇಲೆ ಕಂಡದ್ದನ್ನು. ಅಂದರೆ ರೋಮ್‌ನ ನೀರಿನ ಬಗೆಗಿನ ನಮ್ಮ ಕಲ್ಪನೆಯೇ ಕಣ್ಣಿಗೆ ಬಿದ್ದ ಐದನೇ ಒಂದು ಭಾಗದ್ದು.

ಆ ಕಾಲುವೆಗಳ ಬಗ್ಗೆ ಬರೆದ ಹಳೆಯ ಮನುಷ್ಯನೊಬ್ಬನಿದ್ದಾನೆ, ಫ್ರಂಟಿನಸ್. ಕ್ರಿ.ಶ. 97ರಲ್ಲಿ ನೆರ್ವ ಚಕ್ರವರ್ತಿ ಅವನನ್ನು ರೋಮ್‌ನ ನೀರಿನ ಮೇಲ್ವಿಚಾರಕನಾಗಿ ನೇಮಿಸಿದ. ಅವನ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿದೆ. ಒಣ ಪುಸ್ತಕ. ಕೊಳವೆಯ ಅಳತೆ, ಕದ್ದ ನೀರಿನ ಲೆಕ್ಕ, ಸೋರುವ ಜಾಗ. ಒಂದು ಕಡೆ ಮಾತ್ರ ಅವನಿಗೆ ಹೆಮ್ಮೆ ಉಕ್ಕುತ್ತದೆ: ಸುಮ್ಮನೆ ನಿಂತಿರುವ ಪಿರಮಿಡ್ಡುಗಳನ್ನೂ ಹೆಸರಷ್ಟೇ ದೊಡ್ಡದಾದ ಗ್ರೀಕರ ಕಟ್ಟಡಗಳನ್ನೂ ಈ ಕಾಲುವೆಗಳ ಪಕ್ಕ ಇಟ್ಟು ನೋಡಿ ಎಂಬ ಅರ್ಥದ ಮಾತು ಬರೆಯುತ್ತಾನೆ. ಕೆಲಸ ಮಾಡುವುದೇ ಇವುಗಳ ಹೆಚ್ಚುಗಾರಿಕೆ ಎಂಬುದು ಅವನ ವಾದ. ಎರಡು ಸಾವಿರ ವರ್ಷದಲ್ಲಿ ಅವನ ವಾದ ತಲೆಕೆಳಗಾಯಿತು. ಕೆಲಸ ನಿಂತಮೇಲೆ ಅವೂ ಪಿರಮಿಡ್ಡುಗಳಾದವು, ಆಮೇಲೇ ಜನ ಟಿಕೆಟ್ ತೆಗೆದುಕೊಂಡು ನೋಡಲು ಬಂದರು. 537ರಲ್ಲಿ ಗಾಥ್ ದೊರೆ ವಿಟಿಗೆಸ್ ರೋಮ್‌ಗೆ ಮುತ್ತಿಗೆ ಹಾಕಿ ಕಾಲುವೆಗಳನ್ನು ಕಡಿಸಿದ. ಆ ಏಟಿನಿಂದ ನಗರ ಬಹಳ ಕಾಲ ಚೇತರಿಸಿಕೊಳ್ಳಲಿಲ್ಲ.

ಮುತ್ತಿಗೆ ಎಂದಾಗ ಶ್ರೀರಂಗಪಟ್ಟಣ ನೆನಪಾಗಲೇಬೇಕು. ತೊಣ್ಣೂರಿಗೆ ಹೋಗುವ ದಿನ ಬೆಳಿಗ್ಗೆ ನಾನು ಮೊದಲು ಇಳಿದದ್ದೂ ಅಲ್ಲೇ. ಬಂಗಾರದೊಡ್ಡಿ ನಾಲೆ ನೋಡಬೇಕಿತ್ತು. ಕಂಠೀರವ ನರಸರಾಜ ಒಡೆಯರ (1638–59) ಕಾಲದ ನಾಲೆ ಅದು. ಮೇಲೆ ಕಾವೇರಿಗೆ ಕಟ್ಟೆ ಹಾಕಿ, ಅಲ್ಲಿಂದ ತಿರುಗಿಸಿದ ನೀರನ್ನು ಎತ್ತರ ಬಿಟ್ಟುಕೊಡದೆ ತಂದು, ಕಾವೇರಿಯ ಕವಲಿನ ಮೇಲೇ ಮೇಲ್ಗಾಲುವೆಯಲ್ಲಿ ದಾಟಿಸಿ ದ್ವೀಪಕ್ಕೆ ಇಳಿಸಿದ್ದಾರೆ. ನದಿಯ ನೀರನ್ನು ನದಿಯ ತಲೆಯ ಮೇಲೆ ಹಾಯಿಸುವುದು! ಸುತ್ತ ನೀರೇ ಇರುವ ದ್ವೀಪಕ್ಕೆ ನೀರು ತರಲು ಇಷ್ಟು ಕಷ್ಟ ಯಾಕೆಂದರೆ, ನದಿ ತಗ್ಗಿನಲ್ಲಿ ಹರಿಯುತ್ತದೆ, ದ್ವೀಪದ ಗದ್ದೆ ತೋಟ ಮೇಲಿವೆ. ಎತ್ತರವೇ ಬಂಡವಾಳ. ಯಂತ್ರವಿಲ್ಲದ ಕಾಲದಲ್ಲಿ ಎತ್ತರವನ್ನು ಮೇಲೇ ಹಿಡಿದಿಟ್ಟುಕೊಂಡು ಅಂಗುಲ ಅಂಗುಲವಾಗಿ ಖರ್ಚು ಮಾಡಬೇಕು. ರೋಮನ್ನರು ಮಾಡಿದ್ದೂ ಅದನ್ನೇ.

1799ರ ಮುತ್ತಿಗೆಯ ಬಗ್ಗೆ ಇಂಗ್ಲಿಷ್ ಸೇನಾಧಿಕಾರಿಗಳು ಬರೆದದ್ದನ್ನು ಓದಿದರೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ಅಕ್ವಡಕ್ಟ್. ಏಪ್ರಿಲ್ 5ರ ರಾತ್ರಿ ಟಿಪ್ಪುವಿನ ಸೈನಿಕರು ಒಂದು ಕಾಲುವೆಯನ್ನೂ ಪಕ್ಕದ ಸುಲ್ತಾನ್‌ಪೇಟೆ ತೋಪನ್ನೂ ಹಿಡಿದುಕೊಂಡು ಬಾಣ ಬಿಡುತ್ತಿದ್ದರು. ಕತ್ತಲೆಯಲ್ಲಿ ತೋಪಿಗೆ ನುಗ್ಗಿದ ಕರ್ನಲ್ ವೆಲ್ಲೆಸ್ಲಿ – ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು – ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದಿರುಗಿದ. ಮರುದಿನ ಹಗಲಿನಲ್ಲಿ ತೋಪು ಅವರ ವಶವಾಯಿತು. ಊರವರ ಬಾಯಲ್ಲಿ ನಾಲೆಯಾಗಿದ್ದದ್ದನ್ನು ಲ್ಯಾಟಿನ್ ಓದಿಕೊಂಡು ಬಂದ ಈ ಅಧಿಕಾರಿಗಳು ರೋಮ್‌ನ ಹೆಸರಿನಿಂದ ಕರೆದರು. ಹೆಸರಿನ ಜೊತೆ ಒಂದು ನೋಟವೂ ಬಂತು. ನಾಲೆ ಎಂದರೆ ಗದ್ದೆ ನೆನಪಾಗುತ್ತದೆ, ಅಕ್ವಡಕ್ಟ್ ಎಂದರೆ ಕಲ್ಲು. ಮಂಡ್ಯ ಕಡೆಯ ರೈತರು ಇವತ್ತು ಅಕ್ವಡಕ್ಟ್ ಎಂಬ ಪದವನ್ನೇ ಸಲೀಸಾಗಿ ಬಳಸುತ್ತಾರೆ, ಅದರಲ್ಲಿ ನನಗೇನೂ ತಕರಾರಿಲ್ಲ. ಅವರ ಬಾಯಲ್ಲಿ ಅದು ಮತ್ತೆ ಗದ್ದೆಯ ಪದವೇ ಆಗಿಬಿಟ್ಟಿದೆ. ಕಲ್ಲನ್ನು ಮಾತ್ರ ನೋಡುವ ಕಣ್ಣು ಉಳಿದುಕೊಂಡಿರುವುದು ನಮ್ಮಂಥವರ ಬರವಣಿಗೆಯಲ್ಲಿ.

ತೊಣ್ಣೂರಿನಲ್ಲಿ ಆ ಕಣ್ಣಿಗೆ ಕೆಲಸವಿಲ್ಲ. ಪಾಂಡವಪುರ ದಾಟಿ ಕೆರೆತೊಣ್ಣೂರಿಗೆ ಬಂದರೆ ಮೊದಲು ಕಾಣುವುದು ಎರಡು ಕಲ್ಲುಗುಡ್ಡ, ನಡುವೆ ಒಂದು ತುಂಡು ಏರಿ. ಮೇಲುಕೋಟೆ ಕಡೆಯಿಂದ ಹರಿದು ಬರುವ ಯಾದವನದಿ ಗುಡ್ಡಗಳ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದ ಜಾಗವನ್ನು ಹುಡುಕಿ ಅಲ್ಲೇ ಕಟ್ಟಿದ್ದಾರೆ. ಹಳೆಯ ಗೆಜೆಟಿಯರುಗಳು ಕೊಡುವ ಅಳತೆ ಹೀಗಿದೆ: ಎತ್ತರ 78 ಮೊಳ, ಉದ್ದ 150 ಮೊಳ, ಬುಡದ ದಪ್ಪ 250 ಮೊಳ. ಉದ್ದಕ್ಕಿಂತ ದಪ್ಪ ಹೆಚ್ಚು! ನಮ್ಮ ಬಯಲುಸೀಮೆಯ ಕೆರೆಗಳ ಮೈಲುದ್ದದ ಬಳುಕುವ ಏರಿ ನೋಡಿ ಬೆಳೆದ ನನಗೆ ಇದು ಕೆರೆಯ ಏರಿಯಂತೆ ಕಾಣಲೇ ಇಲ್ಲ, ಕಣಿವೆಯ ಬಾಯಿಗೆ ಜಡಿದ ಬಿರಡೆಯಂತಿತ್ತು. ಏರಿಯ ಮೇಲೆ ನಿಂತರೆ ಒಂದು ಪಕ್ಕ ಹಸಿರುನೀಲಿ ನೀರು, ಇನ್ನೊಂದು ಪಕ್ಕ ಅಚ್ಚುಕಟ್ಟಿನ ಗದ್ದೆ, ಕಬ್ಬು, ತೆಂಗು. ನೋಡಬೇಕಾದದ್ದೆಲ್ಲ ಕಾಲಡಿಯಲ್ಲಿ ಮಣ್ಣೊಳಗಿದೆ. ಫೋಟೋ ತೆಗೆಯುವವರು ನೀರಿನ ಕಡೆ ತಿರುಗುತ್ತಾರೆ, ನಾನೂ ತಿರುಗಿದೆ. ಕನ್ನಡ ಸಿನಿಮಾದವರೂ ನೀರಿನ ಕಡೆಗೇ ಕ್ಯಾಮೆರಾ ಇಟ್ಟಿದ್ದಾರೆ.

ಊರಿನೊಳಗೆ ನಂಬಿನಾರಾಯಣನ ಗುಡಿಯಿದೆ, ಗೋಪಾಲಕೃಷ್ಣನ ಗುಡಿಯಿದೆ, ಗುಡ್ಡದ ಮೇಲೆ ಯೋಗನರಸಿಂಹ, ಅತ್ತ ಒಂದು ಹಳೆಯ ದರ್ಗಾ. ಗುಡಿಗಳ ಮುಂದೆ ಫಲಕ ಕಂಡೆ. ತೂಬಿನ ಮುಂದೆ ಕಾಣಲಿಲ್ಲ. ಅದು ಇರಬೇಕಿತ್ತೆಂದು ಹೇಳುತ್ತಿಲ್ಲ. ಫಲಕ ಬಿದ್ದ ಕೂಡಲೇ ಬೇಲಿ ಬರುತ್ತದೆ, ಬೇಲಿ ಬಂದರೆ ತೂಬು ಎತ್ತುವವರು ಎಲ್ಲಿಂದ ಇಳಿಯಬೇಕು?

ಈ ಕೆರೆಗೆ ಹೆಸರುಗಳು ಬೇಕಾದಷ್ಟಿವೆ. ತಿರುಮಲಸಾಗರ ಎಂಬುದು ರಾಮಾನುಜರ ನೆನಪಿಗೆ ಅಂಟಿದ ಹೆಸರು. ಮೋತಿ ತಲಾಬ್ ಎಂಬುದು ನಾಸಿರ್ ಜಂಗ್ ಇಟ್ಟ ಹೆಸರೆಂದು ಲೂಯಿ ರೈಸ್ ಬರೆದರೆ, ಊರಿನಲ್ಲಿ ಅದನ್ನು ಟಿಪ್ಪುವಿನ ಲೆಕ್ಕಕ್ಕೆ ಬರೆಯುತ್ತಾರೆ. ಹೆಸರಿಡುವ ಹಕ್ಕಿಗೆ ಇಷ್ಟು ಪೈಪೋಟಿ ಇರುವ ಕಡೆ ಮಣ್ಣು ಹೊತ್ತವರ ಸುದ್ದಿ ಕೇಳಬೇಕಾದರೆ ಶಾಸನ ಬಿಟ್ಟು ಕಥೆಗಳ ಕಡೆ ಹೋಗಬೇಕು.

ಇಲ್ಲಿಯ ಒಂದು ಐತಿಹ್ಯ ಕಹಿಯಾದದ್ದು. ರಾಮಾನುಜರು ತೊಂಡನೂರಿಗೆ ಬಂದು, ಬಿಟ್ಟಿದೇವ ವಿಷ್ಣುವರ್ಧನನಾದಮೇಲೆ, ಬಸದಿಗಳನ್ನು ಕೆಡವಿ ಅವುಗಳ ಕಲ್ಲಿನಿಂದಲೇ ಈ ಏರಿ ಕಟ್ಟಿದರೆಂದು ಅದು ಹೇಳುತ್ತದೆ. 1800ರಲ್ಲಿ ಈ ಸೀಮೆ ಸುತ್ತಿದ ಬುಕನನ್ ಇಂಥ ಮಾತುಗಳನ್ನು ಕೇಳಿ ಬರೆದುಕೊಂಡಿದ್ದಾನೆ. ಇತಿಹಾಸವಾಗಿ ಇದನ್ನು ನಂಬುವುದು ಕಷ್ಟ. ವಿಷ್ಣುವರ್ಧನನ ರಾಣಿ ಶಾಂತಲೆ ಜಿನಭಕ್ತೆಯಾಗಿಯೇ ಇದ್ದಳು, ಅವನ ದಂಡನಾಯಕ ಗಂಗರಾಜನೂ ಜೈನ. ಆ ಗಂಗರಾಜನ ನೆನಪಿಗೆ 1133ರಲ್ಲಿ ಹಳೇಬೀಡಿನಲ್ಲಿ ಎದ್ದ ಬಸದಿಗೆ ವಿಜಯ ಪಾರ್ಶ್ವನಾಥ ಎಂಬ ಹೆಸರು ಬಂದದ್ದೇ ಅರಸನ ಗೆಲುವಿನಿಂದ. ಬಸದಿ ಕೆಡವಿ ಏರಿ ಕಟ್ಟಿಸಿದ ಅರಸನ ರಾಜಧಾನಿಯಲ್ಲಿ ನಡೆಯುವ ಕೆಲಸವಲ್ಲ ಅದು.

ಆದರೆ ಸಾಹಿತ್ಯದ ವಿದ್ಯಾರ್ಥಿನಿಯಾಗಿ ನಾನು ಐತಿಹ್ಯವನ್ನು ಅಲ್ಲಿಗೇ ಬಿಡಲಾರೆ. ಕಥೆ ಯಾಕೆ ಹೀಗೇ ಹುಟ್ಟಿತು? ಇದನ್ನು 'ಕೆರೆಗೆ ಹಾರ'ದ ಪಕ್ಕ ಇಟ್ಟು ನೋಡಿ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟಾಗ ಬರುತ್ತದೆ. ಒಂದು ಕಥೆಯಲ್ಲಿ ಸೊಸೆ, ಇನ್ನೊಂದರಲ್ಲಿ ಸೋತ ಧರ್ಮದ ಗುಡಿ. ಎರಡೂ ಹೇಳುವುದು ಒಂದೇ: ನೀರು ನಿಲ್ಲಬೇಕಾದರೆ ಏರಿಯೊಳಗೆ ಯಾರನ್ನೋ ಹೂಳಬೇಕು. ಇದನ್ನು ಮೂಢನಂಬಿಕೆ ಎಂದು ಪಕ್ಕಕ್ಕಿಡುವುದು ಸುಲಭ. ಕಣ್ಣಂಬಾಡಿ ಕಟ್ಟೆ ಕಟ್ಟಿದಾಗ ಕಣ್ಣಂಬಾಡಿ ಎಂಬ ಊರೇ ಮುಳುಗಿತು. ಅಲ್ಲಿಯ ವೇಣುಗೋಪಾಲಸ್ವಾಮಿ ಗುಡಿ ಬರಗಾಲದಲ್ಲಿ ಮಾತ್ರ ನೀರಿನಿಂದ ಮೇಲೆದ್ದು ಕಾಣುತ್ತಿತ್ತು, ಕೊನೆಗೆ ಅದನ್ನು ಬಿಚ್ಚಿ ದಡದಲ್ಲಿ ಮತ್ತೆ ಕಟ್ಟಿದರು. ಹಾಡು ಕಟ್ಟಿದವರಿಗೆ ಇಪ್ಪತ್ತನೆಯ ಶತಮಾನ ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು.

ಶಾಸನಗಳ ಮುಂದೆ ಇಟ್ಟರೆ 'ಕೆರೆಗೆ ಹಾರ' ದೊಡ್ಡ ವಿಮರ್ಶಕ ಎಂದು ನನ್ನ ಅಧ್ಯಾಯದಲ್ಲಿ ವಾದಿಸಿದ್ದೆ. ಶಾಸನ ಕಟ್ಟಿಸಿದವನ ಪುಣ್ಯ ಹೇಳುತ್ತದೆ, ಹಾಡು ತೆತ್ತವಳ ಕಡೆಯಿಂದ ನೋಡುತ್ತದೆ. ಬಲಿಯ ದಿನ ಮನೆಯಲ್ಲಿ ನಡೆಯುವ ಅಡುಗೆ, ತವರಿಗೂ ಗೆಳತಿಯ ಮನೆಗೂ ಹೋಗಿ ಬರುವ ಭಾಗೀರಥಿ, ಮರೆತ ಪಾತ್ರೆ ತರಲು ಒಬ್ಬಳೇ ಹಿಂದಿರುಗುವುದು, ಹೆಜ್ಜೆಹೆಜ್ಜೆಗೆ ಏರುವ ನೀರು – ಇಷ್ಟನ್ನೂ ಹಾಡು ಅವಸರವಿಲ್ಲದೆ ಹೇಳುತ್ತದೆ. ಆ ವಾದ ಈಗಲೂ ನನಗೆ ಸರಿಯೆನ್ನಿಸುತ್ತದೆ, ಅರ್ಧ ಮಾತ್ರ. ಹಾಡು ಕೆರೆಯ ಒಂದೇ ದಿನವನ್ನು ಹಿಡಿಯುತ್ತದೆ, ಕಟ್ಟಿದ ದಿನವನ್ನು. ಶಾಸನವೂ ಹೆಚ್ಚಾಗಿ ಅದೇ ದಿನದ್ದು. ನಮ್ಮ ಹೊಯ್ಸಳ ಕಾದಂಬರಿ, ನಾಟಕಗಳು ನಾನು ಓದಿದ ಮಟ್ಟಿಗೆ ಕಲ್ಲು ಕೆತ್ತಿದ ಜಕಣಾಚಾರಿಯ ಬೆನ್ನು ಹತ್ತಿವೆ. ಹೂಳೆತ್ತಿದವರ ಮೇಲೆ ಕಾದಂಬರಿಯೊಂದು ನೆನಪಾಗುತ್ತಿಲ್ಲ.

ಕೆರೆ ಕಟ್ಟುವುದು ಒಂದು ಸಲ, ಕಾಯುವುದು ಪ್ರತಿ ವರ್ಷ. ಹೂಳು ತೆಗೆಯಬೇಕು, ಕೋಡಿ ನೋಡಬೇಕು, ಏರಿಯ ಮೇಲೆ ಬೇರು ಬಿಡುವ ಗಿಡ ಕೀಳಬೇಕು, ತೂಬಿನ ಬಾಯಿ ಸಡಿಲವಾಗದಂತೆ ಕಾಯಬೇಕು. ಒಂದು ಮಳೆಗಾಲದ ಉದಾಸೀನ ಸಾಕು, ಹೊಯ್ಸಳರ ಏರಿಯಾದರೂ ನಿಲ್ಲುವುದಿಲ್ಲ. ಶಾಸನಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಬಿತ್ತುವಟ್ಟ, ಕೆರೆಗೊಡಗೆ ಎಂದು ಬಿಟ್ಟ ಭೂಮಿಯೆಲ್ಲ ಈ ಕೆಲಸಕ್ಕೇ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನ ಕೆರೆ ಕಟ್ಟಲು ಎರಡು ವರ್ಷ, ಸಾವಿರ ಆಳು, ನೂರು ಗಾಡಿ ಎಂದು ಲೆಕ್ಕವನ್ನೇ ಕೊಡುತ್ತದೆ. ಫ್ರಂಟಿನಸ್ ಕೂಡ ಲೆಕ್ಕ ಕೊಡುತ್ತಾನೆ: ಕಾಲುವೆ ಕಾಯಲು ಸರಕಾರದ 240 ಗುಲಾಮರು, ಚಕ್ರವರ್ತಿಯ 460 ಗುಲಾಮರು. ಎಣಿಕೆಯಿದೆ, ಹೆಸರಿಲ್ಲ. ನೀರು ಬಿಡುವವರ ಬಗ್ಗೆ ಫ್ರಂಟಿನಸ್ ಹೆಚ್ಚಾಗಿ ಬರೆಯುವುದು ಅವರ ಕಳ್ಳತನವನ್ನು.

ನನ್ನ ಪಕ್ಕ ಕೂತಿದ್ದ ತಾತ ಅಂಥವರೇ. ಕೆಳಗಿನ ಒಂದು ಬಯಲಿಗೆ ಬಹಳ ವರ್ಷ ನೀರುಗಂಟಿಯಾಗಿದ್ದರಂತೆ. ಯಾವ ಗದ್ದೆಗೆ ಎಷ್ಟು ಹೊತ್ತು, ಯಾವ ಮಡೆ ಮೊದಲು, ನೀರು ಕಮ್ಮಿಯಾದ ವರ್ಷ ಯಾರಿಗೆ ಎಷ್ಟು ಕಡಿತ – ಎಲ್ಲವೂ ಅವರ ತಲೆಯಲ್ಲಿ. ಬರೆದಿಟ್ಟಿದ್ದಿರಾ ಎಂದು ಕೇಳಿ ನಗೆಪಾಟಲಾದೆ.

"ಬರಿಯಕ್ಕೆ ಯಾರ್ಗವ್ವ ಬರ್ತಿತ್ತು? ಮೇಲ್ಗಡೆ ಗದ್ದೆಯೋರು ಸಾಲ್ದು ಅಂತ ಬಯ್ಯೋರು, ಕೆಳ್ಗಡೆಯೋರು ಬರ್ಲೇ ಇಲ್ಲ ಅಂತ ಬಯ್ಯೋರು. ಇಬ್ರೂ ಒಂದೇ ಸಮ ಬಯ್ದ್ರೆ ನೀರು ಸರಿಯಾಗ್ ಹೋಯ್ತು ಅಂತ ಲೆಕ್ಕ."

ಸುಗ್ಗಿಯಲ್ಲಿ ಆಯ ಕೊಡುವ ದಿನ ಕಣದ ಯಾವ ಅಂಚಿನಲ್ಲಿ ನಿಲ್ಲಬೇಕಿತ್ತು ಎಂಬುದನ್ನೂ ಹೇಳಿದರು. ಹಳೇ ಮೈಸೂರಿನ ಅನೇಕ ಊರುಗಳಲ್ಲಿ ನೀರುಗಂಟಿಕೆ ದಲಿತ ಮನೆತನಗಳ ಪಾಲಿಗೆ ಬಂದ ಕೆಲಸ. ಊರಿಗೆಲ್ಲ ನೀರು ಹಂಚಿದ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಪಕ್ಕದ ಮೇಲುಕೋಟೆಯಲ್ಲಿ ರಾಮಾನುಜರು 'ತಿರುಕುಲದವರಿಗೆ' ವರ್ಷದಲ್ಲಿ ಕೆಲವು ದಿನ ಗುಡಿಯ ಒಳಗೆ ಬಿಟ್ಟರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಮರೆಯದೆ ಹೇಳುತ್ತವೆ. ಹೇಳಲಿ. ಉಳಿದ ದಿನಗಳಲ್ಲಿ ಅದೇ ಜನ ರಾತ್ರಿ ಲಾಟೀನು ಹಿಡಿದು ಮಡೆ ತಿರುಗಿಸುತ್ತಿದ್ದರು ಎಂಬುದಕ್ಕೆ ಶಾಸನವೂ ಇಲ್ಲ, ಹಾಡೂ ಇಲ್ಲ. ಭಾಗೀರಥಿಗೆ ಸಿಕ್ಕ ಕರುಣೆ ಅವರಿಗೆ ಸಿಗಲಿಲ್ಲ. ಅವರು ಸಾಯಲಿಲ್ಲವಲ್ಲ, ಕೆಲಸ ಮಾಡುತ್ತ ಇದ್ದರು. ಸತ್ತದ್ದಕ್ಕೆ ಕಣ್ಣೀರು, ಬಿದ್ದದ್ದಕ್ಕೆ ಬೆರಗು: ನಮ್ಮ ಸಾಹಿತ್ಯದ ಕಣ್ಣು ಹೆಚ್ಚಾಗಿ ಈ ಎರಡಕ್ಕೇ ಪಳಗಿದೆ. ಅದರ ದೋಷವನ್ನು ಫೆಲಿನಿಯ ಮೇಲೋ ವೆಲ್ಲೆಸ್ಲಿಯ ಮೇಲೋ ಹೊರಿಸಲು ಹೊರಟ ನಾನು ಕೊನೆಗೆ ನಮ್ಮ ಜನಪದ ಹಾಡಿನ ಹತ್ತಿರವೂ ಬಂದು ನಿಲ್ಲಬೇಕಾಯಿತು.

ಕೆರೆಯನ್ನು 'ಪಠ್ಯ'ವಾಗಿ ಓದುವುದು ನಮ್ಮ ವಿಭಾಗಗಳಲ್ಲಿ ಈಗ ರೂಢಿಯಾಗಿರುವ ಮಾತು. ನಾನೂ ಬಳಸಿದ್ದೇನೆ. ಪಠ್ಯವೆಂದೇ ಒಪ್ಪಿದರೂ ಇದು ಬರೆದು ಮುಗಿದ ಪಠ್ಯವಲ್ಲ, ಪ್ರತಿ ವರ್ಷ ತಿದ್ದಬೇಕಾದದ್ದು. ಹಸ್ತಪ್ರತಿಯ ಸಂಪಾದಕರು ಲಿಪಿಕಾರನ ತಪ್ಪುಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಈ ತಿದ್ದುಪಡಿಗಳನ್ನು ಯಾರಾದರೂ ಎಣಿಸಬೇಕು. ಹಾಗೆ ಓದಲು ಗುಡಿಯ ಮುಂದಿನ ಕಲ್ಲು ಸಾಲದು. ನೀರುಗಂಟಿಗಳ ಬಾಯಿಮಾತು ಬೇಕು, ಹೂಳಿನ ಹರಾಜಿನ ಕಾಗದ ಬೇಕು, ನೀರಿನ ಜಗಳದ ಪಂಚಾಯ್ತಿ ತೀರ್ಮಾನ ಬೇಕು. ಇವು ಸಾಹಿತ್ಯ ಸಂಶೋಧನೆಗೆ ಆಕರವಾಗುತ್ತವೆಯೇ ಎಂದು ಕೊಲೋಕ್ವಿಯಂನಲ್ಲಿ ಕೇಳುತ್ತಾರೆ, ಗೊತ್ತಿದೆ. ಅವಸರದ ಉತ್ತರ ನನ್ನ ಬಳಿ ಇಲ್ಲ. ಅಂಥವರ ವಯಸ್ಸು ಎಪ್ಪತ್ತು ದಾಟಿದೆ ಎಂಬುದೊಂದೇ ಅವಸರ.

ಮೂರನೆಯ ಅಧ್ಯಾಯದ ಆ ವಾಕ್ಯ ತೆಗೆದಿದ್ದೇನೆ. ಅಧ್ಯಾಯದ ಕೊನೆಗೆ ಹಾಕಲು ಅವತ್ತು ತೆಗೆದ ನಲವತ್ತು ಚಿಲ್ಲರೆ ಫೋಟೋಗಳಲ್ಲಿ ಒಂದನ್ನು ಆರಿಸಬೇಕಿತ್ತು. ಬಹುಪಾಲು ಬರೀ ನೀರು. ಒಂದರಲ್ಲಿ ಮಾತ್ರ ಬಲಗಡೆಯ ಅಂಚಿನಲ್ಲಿ ತೂಬು ಇದೆ, ಅದಕ್ಕೆ ಕೋಲು ಆನಿಸಿಕೊಂಡು ತಾತ ನಿಂತಿದ್ದಾರೆ, ಅರ್ಧ ಕತ್ತರಿಸಿಹೋಗಿದ್ದಾರೆ. ಅದನ್ನೇ ಆರಿಸಿದೆ. ಅಡಿಬರಹ ಬರೆಯಲು ಕೂತಾಗ, ಒಂದೂವರೆ ಗಂಟೆ ಮಾತಾಡಿದವಳು ಅವರ ಹೆಸರನ್ನು ಕೇಳಿಯೇ ಇರಲಿಲ್ಲ ಎಂಬುದು ಹೊಳೆಯಿತು.